ಡಿಸ್ಕಸ್ ಮುಂದಿನ ಅಬೌಟ್

ಅರವತ್ತರ ದಶಕದ ಆರಂಭದ ಮಾತು. ಪಿಯುಸಿಯಲ್ಲಿ ನಾನು ನಪಾಸಾದದ್ದು ಇಂಗ್ಲಿಷ್ ಒಂದರಲ್ಲೇ. ಅದರಲ್ಲೂ ನನ್ನನ್ನು ಕೆಡವಿದ್ದು ಕ್ರಿಯಾಪದದ ಮುಂದೆ ಬರುವ ಆ ಚಿಕ್ಕ ಚಿಕ್ಕ ಪದಗಳು. ಯಾವುದಕ್ಕೆ ಆನ್, ಯಾವುದಕ್ಕೆ ಟು? ಮತ್ತೆ ಪರೀಕ್ಷೆಗೆ ಕೂಡುವ ಮೊದಲು ಅವನ್ನೆಲ್ಲ ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡೆ. ಧಾರವಾಡದ ಹತ್ತಿರದ ಗರಗ ಊರಿನ ನಮ್ಮ ಮನೆಯಲ್ಲಿ ಅವ್ವ ನೂಲುತ್ತ ಕೂತರೆ, ನಾನು ಎದುರಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅಕ್ಷರ ಬಾರದ ಅವ್ವ ಕೇಳಿ ಕೇಳಿಯೇ ಆ ಪದಗಳನ್ನು ಕಲಿತುಬಿಟ್ಟಳು. ರಾಟಿ ತಿರುಗಿಸುತ್ತಲೇ ನನ್ನ ಪರೀಕ್ಷೆ ಶುರು ಮಾಡುತ್ತಿದ್ದಳು.

"ಡಿಪೆಂಡ್?"

"ಆನ್!"

"ಲಿಸನ್?"

"ಟು!"

"ಡಿಸ್ಕಸ್?"

"ಅದರ ಮುಂದ ಏನೂ ಬರೂದಿಲ್ಲವ್ವಾ."

"ನಿನ್ನೆ ಅಬೌಟ್ ಅಂದಿದ್ದಿ?"

"ನಿನ್ನೆ ತಪ್ಪ ಹೇಳಿದ್ದೆ."

ಪಾಸಾದೆ. ಟೈಪಿಂಗ್ ಕಲಿತು ಧಾರವಾಡದ ಹಿರಿಯ ವಕೀಲರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದೆ. ಮೊದಲ ವಾರವೇ ಅವರ ಕೈಬರಹದ ಪತ್ರವೊಂದರಲ್ಲಿ 'ಡಿಸ್ಕಸ್ಡ್ ಅಬೌಟ್' ಎಂದಿತ್ತು. ನನ್ನ ಬೆರಳು ನಿಂತವು. ಕನ್ನಡದಲ್ಲಿ ನಾವು ವಿಷಯದ 'ಬಗ್ಗೆ' ಚರ್ಚಿಸುತ್ತೇವಲ್ಲ, ಅವರ ಪೆನ್ನು ಆ ದಾರಿಯಲ್ಲೇ ಹೋಗಿತ್ತು. ಅಬೌಟ್ ಬಿಟ್ಟು ಟೈಪ್ ಮಾಡಿದೆ.

ಸಹಿ ಹಾಕಲು ಹೋದವರು ತಲೆ ಎತ್ತಿದರು. "ಇಲ್ಲೊಂದು ಅಬೌಟ್ ಇತ್ತಲ್ಲ ತಂಗಿ, ಎಲ್ಲಿ ಹೋತು?"

"ಬ್ಯಾಡಂತ ಬಿಟ್ಟೇನ್ರಿ."

"ಇಪ್ಪತ್ತು ವರ್ಷ ಆತು, ನಾ ಹಿಂಗ ಬರಿಯಾಕತ್ತೇನಿ!"

"ಡಿಕ್ಷನರಿ ನೋಡ್ರಿ, ಸಾಹೇಬ್ರ."

ಆಡಿದ ಮೇಲೆ ಕೆಲಸ ಹೋಯಿತು ಅಂದುಕೊಂಡೆ. ಅವರು ಎದ್ದು ಕಪಾಟಿನಿಂದ ದಪ್ಪ ನಿಘಂಟು ತೆಗೆದರು. ಗುಮಾಸ್ತರು ಬರೆಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ವಕೀಲರ ಬೆರಳು ಪುಟದ ಉದ್ದಕ್ಕೂ ಇಳಿದು ಒಂದು ಕಡೆ ನಿಂತಿತು. ಮತ್ತೊಮ್ಮೆ ಓದಿದರು.

"ಖರೇ ಐತಲ್ಲ!" ಎಂದವರು ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು. "ಇಷ್ಟು ವರ್ಷ ಯಾರೂ ಹೇಳಲಿಲ್ಲ ನೋಡು!"

ಪತ್ರಕ್ಕೆ ಸಹಿ ಹಾಕಿ, ಮೇಜಿನ ಮೇಲಿದ್ದ ಕರಡುಗಳ ಕಟ್ಟನ್ನೇ ನನ್ನ ಕಡೆ ಸರಿಸಿದರು. "ಟೈಪ್ ಮಾಡೂಕಿಂತ ಮೊದಲ ಇವನ್ನೂ ಒಮ್ಮೆ ನೋಡು."

ಮೊದಲ ಹಾಳೆಯಲ್ಲೇ ಎರಡು ತಪ್ಪು ಸಿಕ್ಕವು. ಖುಷಿಯಿಂದ ಎರಡರ ಕೆಳಗೂ ಪೆನ್ಸಿಲ್ಲಿನ ಗೆರೆ ಎಳೆದೆ.

"ಇನ್ನೂ ಅದಾವೇನು?" ವಕೀಲರು ಬಗ್ಗಿ ನೋಡಿದರು.

"ಅದಾವ್ರಿ!" ಎಂದೆ.