ಅಳೆಯದೆ ಬರೆದ ಮೂವತ್ತು ಡಿಗ್ರಿ

ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಡಿಗ್ರಿ ಅಕ್ಕ. ಓದಿದ್ದು ಹತ್ತನೇ ಕ್ಲಾಸು, ಅದೂ ಎರಡನೇ ಸಲಕ್ಕೆ ದಾಟಿದ್ದು. ಆದರೂ ಆ ಹೆಸರು ಅಂಟಿಕೊಂಡಿತು. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಮೋಟಾರಿನ ರೋಟಾರನ್ನು ಒಂದೊಂದೇ ಡಿಗ್ರಿ ತಿರುಗಿಸಿ, ಬಿಗಿದು, ಅಳೆದು, ಬರೆಯುವುದು.

ಇದೇನು ಮಹಾ ಕೆಲಸ ಎಂದು ಮೂಗು ಮುರಿಯಬೇಡಿ. ಆ ಮೋಟಾರಿನಲ್ಲಿ ಅಯಸ್ಕಾಂತವೇ ಇಲ್ಲ. ನಡುವೆ ತಿರುಗುವ ರೋಟಾರು ಆರು ಹಲ್ಲಿನ ಬರೀ ಕಬ್ಬಿಣ, ಸುತ್ತ ತಂತಿಯ ಕಾಯಿಲುಗಳು. ಕರೆಂಟು ಕೊಟ್ಟ ಕಾಯಿಲು ಹತ್ತಿರದ ಹಲ್ಲನ್ನು ಎಳೆಯುತ್ತದೆ. ಹಲ್ಲು ಎದುರಿಗೆ ಬರುತ್ತಲೇ ಅಲ್ಲಿನ ಕರೆಂಟು ನಿಲ್ಲಿಸಿ ಮುಂದಿನ ಕಾಯಿಲಿಗೆ ಕೊಡಬೇಕು. ಹೊತ್ತು ತಪ್ಪಿತೋ, ದಾಟಿಹೋದ ಹಲ್ಲನ್ನೇ ಹಿಂದಕ್ಕೆ ಎಳೆದುಬಿಡುತ್ತದೆ. ಹಲ್ಲು ಎಲ್ಲಿದೆ ಎಂದು ಹೇಳಲು ಮೊದಲು ಸೆನ್ಸರ್ ಇತ್ತು. ಧೂಳಿಗೂ ಬಿಸಿಗೂ ಅದು ಕೈಕೊಡುತ್ತದೆಂದು ಕಿತ್ತುಹಾಕಿದರು. ಈಗ ಕಂಟ್ರೋಲರ್ ಕಾಯಿಲಿಗೆ ಚೂರೇ ಚೂರು ಕರೆಂಟು ಬಿಟ್ಟು, ಅದು ಎಷ್ಟು ಬೇಗ ಏರಿತೆಂದು ನೋಡಿ, ಒಂದು ಪಟ್ಟಿಯಲ್ಲಿ ಹುಡುಕಿ ಹಲ್ಲಿನ ಜಾಗ ತಿಳಿಯುತ್ತದೆ. ಯಾವ ಡಿಗ್ರಿಯಲ್ಲಿ ಕರೆಂಟು ಎಷ್ಟು ಬೇಗ ಏರುತ್ತದೆಂದು ಅಳೆದು ಬರೆದ ಆ ಪಟ್ಟಿ ಅಕ್ಕನದು. ಕಣ್ಣಿಲ್ಲದ ಮೋಟಾರು ಅವಳ ಮಾತು ನಂಬಿ ಹೆಜ್ಜೆ ಇಡುತ್ತಿತ್ತು.

ಹಲ್ಲು ಕಾಯಿಲಿನ ಹತ್ತಿರ ಬರುವುದು ಮೂವತ್ತು ಡಿಗ್ರಿ, ದಾಟಿಹೋಗುವುದು ಮೂವತ್ತು ಡಿಗ್ರಿ. ಹಳೆಯ ಮಾದರಿಯಲ್ಲಿ ಎರಡೂ ಒಂದೇ. ಒಂದನ್ನು ಅಳೆದು ಇನ್ನೊಂದನ್ನು ತಿರುವುಮುರುವಾಗಿ ಬರೆದರೂ ನಡೆಯುತ್ತಿತ್ತು. ಹೊಸ ಮಾದರಿಯಲ್ಲಿ ಸದ್ದು ತಗ್ಗಲೆಂದು ಹಲ್ಲಿನ ಒಂದು ಅಂಚು ಸವರಿದ್ದರು. ಬರುವ ಲೆಕ್ಕ ಬೇರೆ, ಹೋಗುವ ಲೆಕ್ಕ ಬೇರೆ; ಎರಡೂ ಕಡೆ ಅಳೆಯಲೇಬೇಕಿತ್ತು. ಅಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಹೊಸ ಮಾದರಿಯ ಪಟ್ಟಿ ಅರ್ಧ ಮುಗಿದಿದ್ದಾಗ ಆಸ್ಪತ್ರೆಯಿಂದ ಅಣ್ಣನ ಫೋನು ಬಂತು.

"ಅಮ್ಮ ನಿನ್ನೇ ಕೇಳ್ತಿದಾಳೆ ಕಣೇ. ಏನಿದ್ರೂ ಬಿಟ್ಟು ಬಾ."

ಸೂಪರ್‌ವೈಸರ್ ತಲೆಯೆತ್ತಿಯೂ ನೋಡಲಿಲ್ಲ. "ಪಟ್ಟಿ ಕೊಟ್ಟು ಹೋಗಕ್ಕಾ. ಸಂಜೆ ಮಾಲು ಹೊರಡ್ಬೇಕು."

ಕಲ್ಲಿಗಾದರೂ ಕರುಣೆ ಇರುತ್ತದೇನೋ, ಆ ಮನುಷ್ಯನಿಗಿರಲಿಲ್ಲ. ಅಕ್ಕ ಬೆಂಚಿಗೆ ಮರಳಿ, ಅಳೆದ ಮೂವತ್ತು ಸಾಲನ್ನು ಕೆಳಗಿನಿಂದ ಮೇಲಕ್ಕೆ ನಕಲು ಮಾಡಿ, ಹಾಳೆ ಕೊಟ್ಟು ಓಡಿದಳು.

ಅಮ್ಮನಿಗೆ ಎಚ್ಚರವಿತ್ತು. "ಬಂದ್ಯಾ?" ಎಂದು ಮಗಳ ಕೈ ಹಿಡಿದವಳು, "ಅಯ್ಯೋ, ಏನೇ ಇದು, ಇಷ್ಟು ತಣ್ಣಗಿದೆ?" ಅಂದಳು. ದಿನವಿಡೀ ಉಕ್ಕಿನ ಹಿಡಿ ತಿರುಗಿಸಿದ ಕೈ, ಇನ್ನೇನಾದೀತು? ಸಾಯುತ್ತಿದ್ದ ಆ ಮುದುಕಿ ಮಗಳ ಕೈಯನ್ನು ತನ್ನೆರಡು ಅಂಗೈ ನಡುವೆ ಇಟ್ಟುಕೊಂಡು ಉಜ್ಜಿದಳು. ಉಜ್ಜುತ್ತ ಉಜ್ಜುತ್ತಲೇ ಉಸಿರು ನಿಂತುಹೋಯಿತು. ಅಕ್ಕ ಬಂದು ನಲವತ್ತು ನಿಮಿಷವಾಗಿತ್ತು.

ಏಳು ತಿಂಗಳ ಮೇಲೆ ಸುದ್ದಿ ಬಂತು. ಆ ಹೊಸ ಮಾದರಿಯ ಮೋಟಾರು ಕೂರಿಸಿದ ಗಾಲಿಕುರ್ಚಿಯಲ್ಲಿ ನಿವೃತ್ತ ಟೀಚರೊಬ್ಬರು ಗ್ರಂಥಾಲಯದ ಇಳಿಜಾರು ಹತ್ತುತ್ತ ನಡುವೆ ಕುರ್ಚಿ ನಿಲ್ಲಿಸಿದ್ದರು. ಮತ್ತೆ ಗುಂಡಿ ಒತ್ತಿದಾಗ ಕುರ್ಚಿ ಹಿಂದಕ್ಕೆ ಜಗ್ಗಿ ಮಗುಚಿತು. ಸೊಂಟ ಮುರಿಯಿತು. ತಪ್ಪು ಹೋಗಿ ಕುಳಿತದ್ದು ಕಂಟ್ರೋಲರಿನ ಪ್ರೋಗ್ರಾಂ ಬರೆಯುವ ಬೋಳುತಲೆಯ ಸಾಧು ಮನುಷ್ಯನ ಮೇಲೆ. ಅವನನ್ನು ಎಲ್ಲರೂ ಲೆಕ್ಕದ ಮೇಷ್ಟ್ರು ಅನ್ನುತ್ತಿದ್ದರು. ನಾಳೆಯಿಂದ ಬರಬೇಡ ಅಂದರಂತೆ. ಅವನು ಡಬ್ಬಿ, ಚೀಲ ಜೋಡಿಸಿಕೊಳ್ಳುತ್ತಿದ್ದ.

ಅಕ್ಕ ಹಳೆಯ ಹಾಳೆ ತಂದು ಅವನ ಮೇಜಿನ ಮೇಲಿಟ್ಟಳು. "ಕೆಳಗಿನ ಅರ್ಧ ನಾನು ಅಳೆದೇ ಇಲ್ಲ ಮೇಷ್ಟ್ರೇ."

ಅವನು ಮೇಲಿನ ಸಾಲು, ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟು ಹೋಲಿಸಿ ನೋಡಿದ. "ಅಕ್ಕಾ, ಇದನ್ನ ಈಗ ಹೇಳಿದ್ರೆ ನೀವು ಹೋಗ್ತೀರಿ."

"ಹೇಳ್ದಿದ್ರೆ ನೀವು ಹೋಗ್ತೀರಲ್ಲ."

ಅಕ್ಕ ಹಾಳೆಯನ್ನು ಮ್ಯಾನೇಜರಿಗೇ ಒಯ್ದು ಕೊಟ್ಟಳು. ಅವನು ಕೆಟ್ಟವನೇನಲ್ಲ. ಹತ್ತೊಂಬತ್ತು ವರ್ಷದ ಆಳು ಎಂದು ದಾರಿ ಹುಡುಕಿದ. ಹೇಳಿಕೆ ಟೈಪ್ ಮಾಡಿಸಿದ: ಪಟ್ಟಿ ನಕಲು ಮಾಡಿದ್ದು ನಾನೇ, ಆ ಟೀಚರಿಗೆ ಆದ ನೋವಿಗೆ ನಾನೇ ಕಾರಣ, ಅಂದು ಕೆಲಸ ಬಿಟ್ಟು ಹೋದದ್ದಕ್ಕೆ ಮನಸಾರೆ ಪಶ್ಚಾತ್ತಾಪ ಪಡುತ್ತೇನೆ. ಸಹಿ ಹಾಕಿದರೆ ಪ್ಯಾಕಿಂಗ್ ವಿಭಾಗಕ್ಕೆ ಹಾಕುತ್ತೇನೆ, ಕೆಲಸ ಉಳಿಯುತ್ತದೆ ಅಂದ.

ಅಕ್ಕ ಎರಡು ಸಲ ಓದಿದಳು. ಟೀಚರ ಸಾಲಿಗೆ ಬಂದಾಗ ಕಣ್ಣು ತುಂಬಿತು. ಆ ಹೆಂಗಸನ್ನು ನೆನೆದು ವಾರದಿಂದ ಅವಳಿಗೆ ಅನ್ನ ಇಳಿದಿರಲಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡು ಕೊನೆಯ ಸಾಲು ಹೊಡೆದುಹಾಕಿ ಸಹಿ ಮಾಡಿದಳು.

"ಏನಮ್ಮಾ ಇದು? ಒಂದು ಸಾಲು ತಾನೇ! ಮೇಲಿನವರು ಕೇಳೋದೇ ಅದನ್ನ. ಬರೆದ್ರೆ ನಿಂಗೇನು ಹೋಗುತ್ತೆ?"

"ಮಿಕ್ಕಿದ್ದೆಲ್ಲ ನಿಜ ಸಾರ್. ಇದೊಂದು ನಿಜ ಅಲ್ಲ. ಹೋಗಿದ್ದಕ್ಕೆ ನಂಗೆ ಪಶ್ಚಾತ್ತಾಪ ಇಲ್ಲ. ಅಳೀದೆ ಬರೆದಿದ್ದು ಒಂದು ಸಲ ಸಾಕು."

ಅವನು ಹಣೆ ಚಚ್ಚಿಕೊಂಡ. ಮೇಲಿನವರು ಒಪ್ಪಲಿಲ್ಲ. ಮೇಷ್ಟ್ರ ಕೆಲಸ ಉಳಿಯಿತು, ತಿಂಗಳ ಕೊನೆಗೆ ಅವಳ ಕೆಲಸ ಮುಗಿಯಿತು.

ಕೊನೆಯ ದಿನ ಯಾರೂ ಹೇಳದೆಯೇ ಅಕ್ಕ ಬೆಂಚಿನ ಮುಂದೆ ನಿಂತು, ಆ ಮೂವತ್ತು ಡಿಗ್ರಿಯನ್ನು ಒಂದೊಂದಾಗಿ ಅಳೆದಳು. ತಿರುಗಿಸು, ಬಿಗಿ, ಓದು, ಬರೆ. ಒಂದನ್ನೂ ಬಿಡಲಿಲ್ಲ. ಮುಗಿದಾಗ ಬೆರಳು ಮರಗಟ್ಟಿದ್ದವು. ಗೋಡೆಯ ಗಡಿಯಾರ ನೋಡಿದಳು: ಐವತ್ತೆಂಟು ನಿಮಿಷ ಹಿಡಿದಿತ್ತು.

ಅಂದು ಅಮ್ಮ ಅವಳಿಗೆ ಸಿಕ್ಕಿದ್ದು ನಲವತ್ತೇ ನಿಮಿಷ.

ಹಾಳೆಯನ್ನು ಮೇಷ್ಟ್ರ ಕೈಗೆ ಕೊಟ್ಟು, ತಣ್ಣಗಾದ ಕೈಯನ್ನು ತಾನೇ ಉಜ್ಜಿಕೊಳ್ಳುತ್ತ, ಎಲ್ಲರೆದುರೇ ಅಳುತ್ತ ಅಕ್ಕ ಗೇಟು ದಾಟಿದಳು.