ಗೋಡೆಯಾಚೆಯ ಒಂದು ಬಡಿತ

ನೇಕಾರ ಕಾಕಾನ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ನಲವತ್ತು ವರ್ಷ ಲಾಳಿಯ ಹಗ್ಗ ಜಗ್ಗಿ ಜಗ್ಗಿ ಅದು ಹಾಗೇ ನಿಂತುಬಿಟ್ಟಿತ್ತು. ಚಹಾದ ಬಸಿಯನ್ನು ಆ ಡೊಂಕಿನಲ್ಲಿ ಕೂರಿಸಿಕೊಂಡು, 'ದೇವ್ರು ನನಗೊಂದು ಹಿಡಿಕಿ ಮಾಡಿ ಕೊಟ್ಟಾನ ನೋಡು' ಎನ್ನುತ್ತಿದ್ದರು.

ಬೆಟಗೇರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅತ್ತ ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಅವರ ಕುಣಿಮಗ್ಗ, ಇತ್ತ ನನ್ನ ಲ್ಯಾಪ್‌ಟಾಪ್. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾದರೂ ಕೆಲಸವಿರಲಿಲ್ಲ. ಮನೆಯಿಂದಲೇ ಮಾಡಬಹುದಾದ ಸಾಫ್ಟ್‌ವೇರ್ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದೆ. ಮೊದಲ ಆನ್‌ಲೈನ್ ಸಂದರ್ಶನದಲ್ಲೇ ಆ ಕಡೆಯವರು, 'ಅದೇನು ಸದ್ದು? ಗಿರಣಿಯಲ್ಲಿ ಕೂತಿದ್ದೀರಾ?' ಎಂದು ನಕ್ಕರು. ಅಳುತ್ತ ಹೋಗಿ ಕಾಕಾಗೆ ಹೇಳಿದೆ.

'ಇಷ್ಟಕ್ಕ ಅಳತಾರೇನವಾ? ಗ್ವಾಡಿ ಎರಡು ಸಲ ಬಡಿ, ಮಗ್ಗ ನಿಲ್ಲಸ್ತೀನಿ. ಮುಗದ ಮ್ಯಾಲ ಮೂರು ಸಲ ಬಡಿ.'

ಪಕ್ಕದಲ್ಲಿದ್ದ ಅವರ ಹೆಂಡತಿ, ಕಾಕು, ಬಿಡಲಿಲ್ಲ. 'ನಾ ಮೂವತ್ತು ವರ್ಷ ಬಾಯಿ ಬಡಕೊಂಡ್ರ ಸುಮ್ಮನಾಗಲಿಲ್ಲ, ನೀ ಗ್ವಾಡಿ ಬಡದ್ರ ಸುಮ್ಮನಾಗತಾರಂತ!'

ಸುಮ್ಮನಾಗುತ್ತಿದ್ದರು. ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೆಮ್ಮು ಬಂದರೆ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿರುತ್ತಿದ್ದರು. ಆರು ಸಂದರ್ಶನಗಳೂ ಕೈಕೊಟ್ಟವು. ಪ್ರತಿ ಸಲವೂ ಅವರದು ಒಂದೇ ಮಾತು: 'ಒಂದು ಎಳಿ ಹರದ್ರ ಸೀರಿ ಕೆಡೂದಿಲ್ಲ. ಗಂಟ ಹಾಕು, ಮುಂದ ನಡಿ.'

ಏಳನೆಯದೇ ಕೊನೆಯದು. ಇದೂ ತಪ್ಪಿದರೆ ನೋಡಿಟ್ಟ ವರನಿಗೆ ಒಪ್ಪಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ಈ ಸಲ ಆನ್‌ಲೈನ್ ಪರೀಕ್ಷೆ; ಉದ್ದಕ್ಕೂ ಮೈಕ್ ತೆರೆದಿರಬೇಕು, ಮುಖ ಕ್ಯಾಮೆರಾದ ಮುಂದೆಯೇ ಇರಬೇಕು. ಎದ್ದರೆ ಅಲ್ಲಿಗೇ ಮುಗಿಯಿತು. ಅಂದು ಕಾಕು ಲಕ್ಷ್ಮೇಶ್ವರದ ತವರಿಗೆ ಹೋಗಿದ್ದರು. ನಮ್ಮ ಮನೆಯಲ್ಲೂ ನಾನೊಬ್ಬಳೇ. ಎರಡು ಸಲ ಬಡಿದೆ. ಮಗ್ಗ ನಿಂತಿತು.

ಅರ್ಧ ಪರೀಕ್ಷೆಯಾಗಿರಬೇಕು. ಗೋಡೆಯ ಆ ಕಡೆಯಿಂದ ಬಡಿತ ಕೇಳಿತು. ಒಂದೇ ಒಂದು. ಕಾಕಾ ಎಂದೂ ತಾವಾಗಿ ಬಡಿದವರಲ್ಲ. ನನ್ನ ಬೆರಳುಗಳು ನಿಂತವು. ಕಿವಿಗೊಟ್ಟೆ. ಮತ್ತೆ ಸದ್ದಿಲ್ಲ. ಏನೋ ಬಿದ್ದಿರಬೇಕು ಎಂದುಕೊಂಡೆ. ನಿಜವಾಗಿ ಹಾಗೆಂದುಕೊಂಡೆನೋ, ಹಾಗಿದ್ದರೆ ಸಾಕೆಂದು ಬಯಸಿದೆನೋ, ಇಂದಿಗೂ ತಿಳಿಯದು. ಉತ್ತರ ಬರೆಯುತ್ತ ಹೋದೆ. ಇಪ್ಪತ್ತೈದು ನಿಮಿಷ.

ಮುಗಿಸಿ ಮೂರು ಸಲ ಬಡಿದೆ. ಮಗ್ಗ ಆಡಲಿಲ್ಲ. ಇನ್ನೊಮ್ಮೆ ಬಡಿದೆ. ಓಡಿದೆ.

ಕಾಕಾ ಕುಣಿಯಲ್ಲೇ ಗೋಡೆಗೆ ಒರಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ನನ್ನನ್ನು ಕಂಡು ತೊದಲಿದರು: 'ಆ... ಆತೇನವಾ?'

ಓಣಿಯವರು ಸೇರಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಲಕ್ವಾ ಹೊಡೆದಿದೆ ಎಂದ ಡಾಕ್ಟರು, 'ಒಂದೀಟು ಜಲ್ದಿ ತರಬೇಕಿತ್ತರಿ' ಎಂದರು. ಮೂರನೆಯ ದಿನ ಕಾಕಾ ತೀರಿಕೊಂಡರು. ಅದೇ ವಾರ ನನಗೆ ಕೆಲಸ ಸಿಕ್ಕ ಪತ್ರ ಬಂತು.

ಬಂದವರಿಗೆಲ್ಲ ಕಾಕು ಈಗಲೂ ನನ್ನನ್ನು ತೋರಿಸಿ ಹೇಳುತ್ತಾರೆ: 'ಈಕಿನರಿ ಓಡಿ ಬಂದು ನೋಡಿದಾಕಿ. ಈಕಿ ಇರಲಿಲ್ಲಂದ್ರ ಮೂರು ದಿನಾನೂ ಸಿಗತಿರಲಿಲ್ಲ.' ಆ ಬಡಿತದ ಸಂಗತಿ ಅವರಿಗೆ ನಾನಿನ್ನೂ ಹೇಳಿಲ್ಲ.

ಅದೇ ಕೋಣೆಯಲ್ಲಿ, ಅದೇ ಗೋಡೆಗೆ ಆತುಕೊಂಡು ಕೋಡ್ ಬರೆಯುತ್ತೇನೆ. ಮೀಟಿಂಗಿನಲ್ಲಿ ಯಾರಾದರೂ, 'ಪುಣ್ಯವಂತರು ನೀವು, ನಿಮ್ಮ ಕಡೆ ಒಂದು ಸದ್ದೂ ಇಲ್ಲ' ಎನ್ನುತ್ತಾರೆ.

ಹೌದು ಎನ್ನುತ್ತೇನೆ. ಮುಖ ಕ್ಯಾಮೆರಾದತ್ತಲೇ ಇರುತ್ತದೆ.