ಮುನಿಗಂಗಮ್ಮನ ಬದು

ದೇವರಾಯಸಮುದ್ರದ ಮುನಿಗಂಗಮ್ಮನಿಗೆ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಅವು ಹೋದದ್ದು ಒಂದು ಬದುವಿಗಾಗಿ.

ಗಂಡ ತೀರಿಕೊಂಡಾಗ ಮೈದುನ ಗಂಗುಲಪ್ಪನೇ ಇನ್ನು ದಿಕ್ಕು ಎಂದರು ಊರಿನವರು. ಬೇಲಿಯೇ ಎದ್ದು ಹೊಲ ಮೇಯಿತು. ಉಳುವಾಗಲೆಲ್ಲ ಅವನ ನೇಗಿಲು ಇಬ್ಬರ ನಡುವಿನ ಬದುವನ್ನು ಕೆರೆಯುತ್ತ ಅವಳ ರಾಗಿ ಹೊಲಕ್ಕೆ ನುಗ್ಗುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಗಡಿಕಲ್ಲನ್ನೂ ಕಿತ್ತು ಮನೆ ಮುಂದೆ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡ, ನಾಚಿಕೆಗೆಟ್ಟವನು. ಕೇಳಲು ಹೋದವಳಿಗೆ ಸಿಕ್ಕಿದ್ದು ಒದೆ.

ದೂರು ಕೊಡಲು ಹೋದ ಕೋಲಾರದ ಕಚೇರಿಯೊಂದರ ಅಂಗಳದಲ್ಲಿ ಹಳದಿ ಹೂವಿನ ಬಳ್ಳಿ ನೆಲ ಕಾಣದಂತೆ ಹಬ್ಬಿರುವುದನ್ನು ಅವಳು ನೋಡಿದಳು. “ಗೆಣ್ಣು ನೆಲ ಮುಟ್ಟಿದ್ರೆ ಸಾಕಮ್ಮ, ಬೇರು ಬಿಟ್ಕೊಳ್ತದೆ” ಎಂದ ತೋಟದ ಮಾಲಿ. ಅವನು ಕತ್ತರಿಸಿ ಎಸೆದಿದ್ದನ್ನೇ ಬುಟ್ಟಿಯಲ್ಲಿ ತಂದು ಬದುವಿನುದ್ದಕ್ಕೂ ನೆಟ್ಟಳು. ಒಂದೇ ಮಳೆಗಾಲಕ್ಕೆ ಬದು ಬಿಗಿಯಾಯಿತು. ಮುಂದಿನ ಉಳುಮೆಗೆ ಗಂಗುಲಪ್ಪನ ನೇಗಿಲು ಬೇರಿಗೆ ಸಿಕ್ಕಿ ಎತ್ತು ಮುಗ್ಗರಿಸಿತು.

ಅವನು ಗುದ್ದಲಿ ತಂದು ಬಳ್ಳಿಯನ್ನು ಕೊಚ್ಚತೊಡಗಿದ. ಮುನಿಗಂಗಮ್ಮ ಬದುವಿನ ಮೇಲೆ ಅಡ್ಡಬಿದ್ದು ಬಳ್ಳಿ ಹಿಡಿದಳು. ಅವನ ಕೈ ನಿಲ್ಲಲಿಲ್ಲ; ಬಳ್ಳಿಯ ಜೊತೆಗೇ ಎರಡು ಬೆರಳು ತುಂಡಾದವು. ಅವಳು ಎಡಗೈಯಲ್ಲೇ ಸೊಂಟದ ಕುಡುಗೋಲು ಸೆಳೆದು ಬೀಸಿ ಅವನ ತೊಡೆ ಸೀಳಿದಳು. ಇಬ್ಬರ ರಕ್ತವೂ ಹೂವಿನ ಮೇಲೆ ಬಿತ್ತು.

ಕುಂಟುತ್ತಲೇ ಅವನು ಬಳ್ಳಿಯನ್ನೆಲ್ಲ ಬಾಚಿ ತನ್ನ ತಿಪ್ಪೆಗೆ ಹೊತ್ತೊಯ್ದ. ಸೆರಗಿನಲ್ಲಿ ಕೈ ಸುತ್ತಿಕೊಂಡು ಅವಳು ಹಿಂದೆಯೇ ಹೋಗಿ ಕೂಗಿದಳು: “ಲೇ, ತಿಪ್ಪೆಗೆ ಹಾಕ್ಬೇಡ್ವೋ! ಅದು ಕೊಳ್ಯೋದಿಲ್ಲ, ಸುಟ್ಟಾಕು!”

“ನನಗೇ ಬುದ್ಧಿ ಹೇಳ್ತೀಯೇನೇ?” ಎಂದು ಅವನು ಗುದ್ದಲಿಯ ಹಿಡಿಯಿಂದ ಅವಳ ಬಾಯಿಗೆ ಗುದ್ದಿದ. ಅಷ್ಟು ನೋವಿನಲ್ಲೂ ಎಚ್ಚರಿಸಿದ ಆ ಹೆಂಗಸಿನ ಮನಸ್ಸು ಎಂಥದ್ದೋ! ಹಗೆಯವನದಾದರೂ ಹೊಲ ಹೊಲವೇ ಅವಳಿಗೆ.

ಬಚ್ಚಲ ನೀರು ಹರಿಯುವ ತಿಪ್ಪೆಯಲ್ಲಿ ಗೆಣ್ಣುಗಳು ಹಸಿಯಾಗಿಯೇ ಉಳಿದವು. ಮಳೆಗೆ ಮುಂಚೆ ಗಂಗುಲಪ್ಪ ಆ ಗೊಬ್ಬರವನ್ನೆಲ್ಲ ಹಿಪ್ಪುನೇರಳೆ ತೋಟಕ್ಕೆ ಎರಚಿದ. ದಸರಾ ಹೊತ್ತಿಗೆ ತೋಟವೆಲ್ಲ ಹಳದಿ ಹೂವಿನ ಬಳ್ಳಿ. ಹುಚ್ಚುಹಿಡಿದವನಂತೆ ಕೊಚ್ಚಿದ; ಕೊಚ್ಚಿದ ಚೂರೆಲ್ಲ ಬೇರುಬಿಟ್ಟವು. ಹಿಪ್ಪುನೇರಳೆ ಸೊರಗಿ ರೇಷ್ಮೆಹುಳುವಿಗೆ ಸೊಪ್ಪಿಲ್ಲದಾಯಿತು.

ಕೊನೆಗೆ ಅವಳ ಬಾಗಿಲಿಗೆ ಬಂದ. “ಅತ್ಗೆ, ತೋಟ ಹೋಯ್ತು. ಹೆಂಗೆ ಸಾಯ್ಸೋದು ಹೇಳು.”

ಅವಳು ಕುಡುಗೋಲನ್ನು ಅವನ ಕುತ್ತಿಗೆಗೆ ಒತ್ತಿದಳು. “ಮೊದ್ಲು ನನ್ನ ಕಲ್ಲು ತಗೊಂಬಾ.”

ಕಲ್ಲು ಹೊತ್ತು ತಂದು ಇದ್ದ ಜಾಗದಲ್ಲೇ ನೆಟ್ಟ. “ಅವತ್ತೇ ಹೇಳಿದ್ನಲ್ಲೋ,” ಎಂದಳು, “ಒಂದು ಗೆಣ್ಣೂ ಬಿಡ್ದೆ ಕಿತ್ತು, ಬಂಡೆ ಮೇಲೆ ಒಣಗ್ಸಿ ಸುಡು.”

ಆಮೇಲೆ ಅವನ ತೋಟದಿಂದಲೇ ಬಳ್ಳಿಯ ಒಂದು ತುಂಡು ಕಿತ್ತು, ಮೂರೇ ಬೆರಳಲ್ಲಿ ಅದನ್ನು ಕಲ್ಲಿನ ಬುಡಕ್ಕೆ ನೆಟ್ಟಳು.

“ಇದನ್ನ ಮುಟ್ಟಿ ನೋಡು. ಈ ಸಲ ತೊಡೆಗೆ ಬೀಸಲ್ಲ.”

ಅಂದಿನಿಂದ ಗಂಗುಲಪ್ಪನ ನೇಗಿಲು ಆ ಕಲ್ಲಿಗೆ ಮಾರು ದೂರದಲ್ಲೇ ತಿರುಗುತ್ತಿತ್ತು.